ಬೋರಿನ ನೀರಿಗೆ ಕ್ಯಾಸ್ಟೈಲ್ ಶಾಂಪೂ

ಕಾಲು ಲೋಟ ಕ್ಯಾಸ್ಟೈಲ್ ದ್ರವ ಸೋಪು, ಅಷ್ಟೇ ತೆಂಗಿನ ಹಾಲು, ಒಂದು ಚಮಚ ಎಣ್ಣೆ, ಘಮಕ್ಕೆ ನಾಲ್ಕು ಹನಿ ಲ್ಯಾವೆಂಡರ್. ಕುಲುಕಿ ಬಾಟಲಿಗೆ ಸುರಿದರೆ ‘ನೈಸರ್ಗಿಕ ಶಾಂಪೂ’ ತಯಾರು. ಒಲೆ ಹಚ್ಚಬೇಕಿಲ್ಲ, ಕಾಯಬೇಕಿಲ್ಲ. ಮನೆಯಲ್ಲೇ ಮಾಡಿದ್ದು, ಕೆಮಿಕಲ್ ಇಲ್ಲದ್ದು, ಮಕ್ಕಳ ತಲೆಗೂ ಆಗುವಂಥದ್ದು ಎಂಬ ಮೂರು ಮಾತುಗಳ ಜೊತೆಗೆ ಈ ವಿಧಾನ ಮೊಬೈಲಿನಿಂದ ಮೊಬೈಲಿಗೆ ದಾಟಿ ಕೊಟ್ಟೂರು, ಹರಪನಹಳ್ಳಿಗಳ ಬಚ್ಚಲಿಗೂ ಬಂದಿದೆ. ಬಂದದ್ದು ತಪ್ಪೇನಲ್ಲ. ಹೊರಗಿನಿಂದ ಬಂದ ಎಷ್ಟೋ ಪದಾರ್ಥಗಳು ನಮ್ಮ ಮನೆಗಳಲ್ಲಿ ಚೆನ್ನಾಗಿಯೇ ಒಗ್ಗಿಕೊಂಡಿವೆ. ಆದರೆ ಒಗ್ಗಿತೋ ಇಲ್ಲವೋ ಎಂದು ನೋಡುವ ಮೊದಲೇ ಹೊಗಳಿಕೆ ಶುರುವಾಗಿರುವುದರಿಂದ ಇದನ್ನು ಒಮ್ಮೆ ತೂಗಿ ನೋಡಬೇಕೆನ್ನಿಸಿತು.

ತೂಗುವುದು ಇಲ್ಲಿಯ ನೀರಿನಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ನಾವೀಗ ಐದು ತಾಲ್ಲೂಕಾಗಿ ಎಣಿಸುವ, ಶಾಸನಗಳ ಕಾಲಕ್ಕೆ ‘ಕೋಗಳಿ ಐನೂರು’ ಎನ್ನಿಸಿಕೊಂಡಿದ್ದ ನಾಡಿನ ನೀರು ಅದು. ಆ ಹೆಸರು ಕೊಟ್ಟ ಕೋಗಳಿ ಈಗ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಊರು. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಐದೂ ತಾಲ್ಲೂಕುಗಳು ಸೇರಿವೆ. ಹಡಗಲಿಯ ತುಂಗಭದ್ರೆಯ ದಂಡೆಯನ್ನು, ಅದರ ಹಿನ್ನೀರಿನ ಊರುಗಳನ್ನು, ಮಾಲವಿ ಜಲಾಶಯದ ಅಕ್ಕಪಕ್ಕವನ್ನು ಬಿಟ್ಟರೆ ಇದು ಬೋರಿನ ನೀರಿನ ಸೀಮೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಕ್ಯಾಸ್ಟೈಲ್ ಒಳ್ಳೆಯ ಸೋಪು, ಆದರೆ ಬೋರಿನ ನೀರಿನಲ್ಲಿ ಕೆಟ್ಟ ಶಾಂಪೂ.

ಮೊದಲು ಆ ಸೋಪಿನ ಬಗ್ಗೆ ನಾಲ್ಕು ಮಾತು. ಸ್ಪೇನಿನ ಕ್ಯಾಸ್ಟೈಲ್ ಸೀಮೆಯಲ್ಲಿ ಆಲಿವ್ ಎಣ್ಣೆಯಿಂದ ಮಾಡುತ್ತಿದ್ದ ಬಿಳಿ, ಗಟ್ಟಿ ಸೋಪಿಗೆ ಈ ಹೆಸರು. ಉತ್ತರ ಯುರೋಪಿನವರು ದನದ ಕೊಬ್ಬು ಕುದಿಸಿ ನಾರುವ ಸೋಪು ಮಾಡುತ್ತಿದ್ದ ಕಾಲದಲ್ಲಿ ಎಣ್ಣೆಯ ಸೋಪು ಶ್ರೀಮಂತರ ವಸ್ತುವಾಗಿತ್ತು. ಸಿರಿಯಾದ ಅಲೆಪ್ಪೊ ಊರಿನವರು ಆಲಿವ್ ಜೊತೆಗೆ ಲಾರೆಲ್ ಎಣ್ಣೆ ಬೆರೆಸಿ ಮಾಡುವ ಸೋಪು ಇದಕ್ಕೂ ಹಳೆಯದು. ಇಂದು ಬಾಟಲಿಯಲ್ಲಿ ಸಿಗುವ ದ್ರವ ಕ್ಯಾಸ್ಟೈಲಿಗೆ ಹೆಸರು ತಂದದ್ದು ಮಾತ್ರ ಅಮೆರಿಕದ ಡಾ. ಬ್ರಾನರ್ಸ್ ಕಂಪನಿ. ಜರ್ಮನಿಯ ಯಹೂದಿ ಸೋಪುಗಾರರ ಮನೆತನದಿಂದ ವಲಸೆ ಹೋದ ಎಮ್ಯಾನುಯೆಲ್ ಬ್ರಾನರ್ 1948ರಲ್ಲಿ ಶುರುಮಾಡಿದ ಅಂಗಡಿ ಅದು. ಬಾಟಲಿಯ ಚೀಟಿಯ ತುಂಬ ಇರುವೆ ಸಾಲಿನಂಥ ಅಕ್ಷರದಲ್ಲಿ ಜಗತ್ತಿಗೆ ಉಪದೇಶ ಬರೆದಿಟ್ಟ ವಿಚಿತ್ರ ಮನುಷ್ಯ. ಅವರ ಸೋಪಿನಲ್ಲಿ ಆಲಿವ್ ಒಂದೇ ಇಲ್ಲ. ತೆಂಗು, ತಾಳೆಬೀಜ, ಗಾಂಜಾ ಜಾತಿಯ ಹೆಂಪ್ ಎಣ್ಣೆಗಳೂ ಇವೆ. ಈಗ ಕ್ಯಾಸ್ಟೈಲ್ ಎಂದರೆ ಪ್ರಾಣಿಕೊಬ್ಬಿಲ್ಲದ ಯಾವುದೇ ಎಣ್ಣೆಯ ಸೋಪು ಎಂದಷ್ಟೇ ಲೆಕ್ಕ. ಇನ್ನೂ ಒಂದು ಸ್ವಾರಸ್ಯವಿದೆ. ಇದೇ ಕಂಪನಿ ಸಕ್ಕರೆ ಬೆರೆಸಿದ ಇನ್ನೊಂದು ಬಗೆಯ ಸೋಪು ಮಾರುತ್ತದೆ, ಅದರಲ್ಲಿ ಹಾಕುವುದು ನಮ್ಮ ಸೀಗೆಪುಡಿಯನ್ನು. ಅಮೆರಿಕದವರು ಸೀಗೆಯನ್ನು ಹುಡುಕಿಕೊಂಡು ಈ ಕಡೆ ಬಂದರು, ನಾವು ಕ್ಯಾಸ್ಟೈಲ್ ಹುಡುಕಿಕೊಂಡು ಆ ಕಡೆ ಹೊರಟಿದ್ದೇವೆ.

ಕೊಟ್ಟೂರಿನ ಒಂದು ಮನೆಯಲ್ಲಿ ಅತ್ತೆ ಸೊಸೆ ಮಾತಾಡುತ್ತಿದ್ದುದು ಕಿವಿಗೆ ಬಿತ್ತು.

“ಅತ್ತಿ, ಇದರಾಗ ಕೆಮಿಕಲ್ ಏನೂ ಇಲ್ರಿ. ಬರೀ ಎಣ್ಣಿಯಿಂದ ಮಾಡಿದ್ದು.”

“ಎಣ್ಣಿ ಹಚ್ಚಿದ್ದು ತೆಗಿಯಾಕ ಮತ್ತ ಎಣ್ಣಿನಾ? ಹೋಗವ್ವ ನೀ.”

ಮಾತಿನ ಚುರುಕು ಅತ್ತೆಯದು, ರಸಾಯನಶಾಸ್ತ್ರದಲ್ಲಿ ಅರ್ಧ ಗೆಲುವು ಸೊಸೆಯದು. ಸೋಪು ಎಣ್ಣೆಯಿಂದಲೇ ಆಗುತ್ತದೆ, ಎಣ್ಣೆಯನ್ನು ತೆಗೆಯಲೂ ಬಲ್ಲದು. ಆದರೆ ಎಣ್ಣೆ ಸೋಪಾಗುವುದು ಕಾಸ್ಟಿಕ್ ಕೂಡಿದಾಗ ಮಾತ್ರ. ಗಟ್ಟಿ ಸೋಪಿಗಾದರೆ ಕಾಸ್ಟಿಕ್ ಸೋಡಾ, ದ್ರವ ಸೋಪಿಗಾದರೆ ಕಾಸ್ಟಿಕ್ ಪೊಟ್ಯಾಶ್. ಒಂದು ಕಿಲೋ ಆಲಿವ್ ಎಣ್ಣೆಗೆ ಸುಮಾರು 135 ಗ್ರಾಂ ಸೋಡಾ ಬೇಕು, ಪೊಟ್ಯಾಶ್ ಆದರೆ ಸುಮಾರು 190 ಗ್ರಾಂ. ಲೆಕ್ಕ ಸರಿಯಾಗಿದ್ದರೆ ಕಾಸ್ಟಿಕ್ ಪೂರ್ತಿ ಕರಗಿ ಸೋಪೂ ಗ್ಲಿಸರಿನ್ನೂ ಉಳಿಯುತ್ತವೆ. ಆ ಅರ್ಥದಲ್ಲಿ ಬಾಟಲಿಯಲ್ಲಿ ಕಾಸ್ಟಿಕ್ ಇಲ್ಲ ಎನ್ನುವುದು ನಿಜ. ‘ಕೆಮಿಕಲ್ ಮುಟ್ಟದೆ ಮಾಡಿದ್ದು’ ಎನ್ನುವುದು ಮಾತ್ರ ಸುಳ್ಳು. ಬೂದಿ ನೀರಿಗೆ ಎಣ್ಣೆ ಸೇರಿಸಿ ಕುದಿಸಿದ ಕಾಲದಿಂದ ಇಂದಿನವರೆಗೆ ಕ್ಷಾರವಿಲ್ಲದೆ ಸೋಪಾದ ಉದಾಹರಣೆ ಇಲ್ಲ.

ಈಗ ನೀರಿಗೆ ಬರೋಣ, ಇಡೀ ವಿಷಯ ನಿಂತಿರುವುದು ಅಲ್ಲಿ.

ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಪುಸ್ತಕದಲ್ಲಿ ಇದಕ್ಕೆ ಗಡಸು ನೀರು ಎನ್ನುತ್ತಾರೆ. ನಮ್ಮಲ್ಲಿ ‘ಸವುಳು ನೀರು’ ಎಂದರೆ ಸಾಕು, ಬೇಳೆ ಬೇಯುವುದಿಲ್ಲ, ಬಟ್ಟೆಯಲ್ಲಿ ನೊರೆ ಏಳುವುದಿಲ್ಲ ಎಂದೆಲ್ಲ ಕೇಳುವವರಿಗೆ ತಾನಾಗಿ ತಿಳಿಯುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಬೆರಳಾಡಿಸಿದರೆ ಉಗುರಿಗೆ ಸಿಗುವ ಬಿಳಿ ಪದರು ಇದೇ ಸುಣ್ಣದ್ದು. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ಒಂದು ಬೋರಿನ ನೀರು 500 ಇದೆ ಎಂದು ಇಟ್ಟುಕೊಳ್ಳಿ. ಹತ್ತು ಲೀಟರಿನ ಒಂದು ಬಕೆಟ್ಟಿನಲ್ಲಿ ಐದು ಗ್ರಾಂ ಸುಣ್ಣದ ಲೆಕ್ಕದ ಗಡಸು ಕೂತಿದೆ. ಸೋಪಿನ ಸ್ವಭಾವವೆಂದರೆ ಕೊಳೆಗಿಂತ ಮೊದಲು ಕ್ಯಾಲ್ಸಿಯಮ್ಮಿಗೆ ಅಂಟಿಕೊಳ್ಳುವುದು. ಈ ಐದು ಗ್ರಾಂ ಗಡಸು ನುಂಗಿಹಾಕುವ ಸೋಪು ಸುಮಾರು 30 ಗ್ರಾಂ. ತಲೆಗೆ ಒಮ್ಮೆ ಹಾಕುವ, ತೆಳ್ಳಗೆ ಮಾಡಿದ ಶಾಂಪೂವಿನಲ್ಲಿ ನಿಜವಾದ ಸೋಪು ಇರುವುದು ಒಂದೆರಡು ಗ್ರಾಂ. ಒಂದು ಬಕೆಟ್ಟು ನೀರಿನ ಹಸಿವಿಗೆ ಅದು ಮೂಗಿಗೆ ಸವರಿದ ತುಪ್ಪ.

ಹಾಗಾದರೆ ಹಚ್ಚಿದ ಕೂಡಲೇ ನೊರೆ ಬರುತ್ತದಲ್ಲ, ಅದು ಹೇಗೆ? ಬರುತ್ತದೆ, ಮೋಸ ಇರುವುದೂ ಅಲ್ಲಿಯೇ. ಒದ್ದೆ ಕೂದಲಿನಲ್ಲಿ ನಿಂತಿರುವ ನೀರು ನೂರು ಮಿಲಿಲೀಟರ್ ಇದ್ದರೆ ಅದರ ಗಡಸಿಗೆ 0.3 ಗ್ರಾಂ ಸೋಪು ಸಾಕು. ಮಿಕ್ಕ ಸೋಪು ನೊರೆಯೇಳಿಸುತ್ತದೆ, ಎಣ್ಣೆ ಜಿಡ್ಡು ಸಡಿಲಿಸುತ್ತದೆ, ಕೈಗೆ ಹಿತವೆನ್ನಿಸುತ್ತದೆ. ಕೆಡುಕು ಶುರುವಾಗುವುದು ಮೊದಲ ಚೊಂಬು ನೀರು ಸುರಿದ ಕ್ಷಣದಿಂದ. ತೊಳೆಯಲೆಂದು ಹಾಕುವ ಪ್ರತಿ ಚೊಂಬೂ ಹೊಸ ಕ್ಯಾಲ್ಸಿಯಂ ತರುತ್ತದೆ, ಕೂದಲಿನ ಮೇಲಿದ್ದ ಸೋಪು ಕರಗದ ಮೇಣವಾಗಿ ಎಳೆ ಎಳೆಗೂ ಅಂಟುತ್ತದೆ. ಹೆಚ್ಚು ನೀರು ಹಾಕಿದಷ್ಟೂ ಹೋಗುತ್ತದೆ ಎಂದುಕೊಂಡರೆ ಹೆಚ್ಚು ಹಾಕಿದಷ್ಟೂ ಕೂರುತ್ತದೆ. ಒಣಗಿದ ಮೇಲೆ ಬಾಚಿ ನೋಡಿ. ಬಾಚಣಿಗೆಯ ಹಲ್ಲಿನ ಬುಡದಲ್ಲಿ ಬೂದುಬಿಳಿ ಬಣ್ಣದ ಜಿಗುಟು ಸಿಗುತ್ತದೆ. ಬೆರಳಿನಲ್ಲಿ ಹೊಸಕಿದರೆ ಮೇಣದ ಹಾಗೆ ಚಪ್ಪಟೆಯಾಗುತ್ತದೆ, ನೀರಿಗೆ ಬಗ್ಗುವುದಿಲ್ಲ. ಕೂದಲ ತುದಿ ಕಡ್ಡಿಯಂತೆ, ಬುಡ ಜಿಡ್ಡುಜಿಡ್ಡು. “ಕೂದ್ಲ ಅನ್ನೋದು ಜಿಗಿಜಿಗಿ ಅಂತೈತಿ ನೋಡ್ರಿ, ತೊಳದಂಗೂ ಇಲ್ಲ, ತೊಳಿಲಾರದಂಗೂ ಇಲ್ಲ” ಎಂದು ಹಗರಿಬೊಮ್ಮನಹಳ್ಳಿಯ ಹೆಣ್ಣುಮಗಳೊಬ್ಬರು ಹೇಳಿದ್ದನ್ನು ಯಾವ ಪ್ರಯೋಗಾಲಯವೂ ಇದಕ್ಕಿಂತ ಸರಿಯಾಗಿ ಹೇಳಲಾರದು.

ಈ ಜಿಗುಟಿಗೆ ಶಾಂಪೂ ವಿಧಾನ ಬರೆಯುವವರು ಇಟ್ಟ ಹೆಸರು ‘ಹೊಂದಾಣಿಕೆಯ ಅವಧಿ’. ಇಷ್ಟು ವರ್ಷ ಅಂಗಡಿ ಶಾಂಪೂಗೆ ಒಗ್ಗಿದ ತಲೆ ನೈಸರ್ಗಿಕಕ್ಕೆ ಮರಳಲು ಎರಡು, ನಾಲ್ಕು ವಾರ ಹಿಡಿಯುತ್ತದೆ, ಸಹಿಸಿಕೊಳ್ಳಿ ಎನ್ನುತ್ತಾರೆ. ನನಗೆ ಈ ಇಡೀ ಪದ್ಧತಿಯಲ್ಲಿ ಅತ್ಯಂತ ತಕರಾರಿರುವುದು ಈ ಮಾತಿನ ಬಗ್ಗೆ. ತಲೆಗೂದಲು ನಿರ್ಜೀವ ಎಳೆ, ಅದಕ್ಕೆ ಅಭ್ಯಾಸವಾಗುವುದು ಬಿಡುವುದು ಏನೂ ಇಲ್ಲ. ನಾಲ್ಕು ವಾರದಲ್ಲಿ ನಡೆಯುವುದು ಮೇಣದ ಪದರು ದಪ್ಪವಾಗುವುದು, ಅಷ್ಟೆ. ಬಳಸುವವರು ತಮ್ಮ ಕೈಯಾರೆ ಮುಟ್ಟಿ ಕಂಡ ದೋಷವನ್ನು ತಮ್ಮ ತಾಳ್ಮೆಯ ಕೊರತೆ ಎಂದು ನಂಬುವಂತೆ ಮಾಡುವ ಮಾತು ಇದು. ಔಷಧ ಕೆಲಸ ಮಾಡದಿದ್ದರೆ ರೋಗಿಯ ಪಥ್ಯವನ್ನು ದೂರುವ ವೈದ್ಯರ ವರಸೆ.

ಎರಡನೆಯ ಪರಿಹಾರ ಹುಳಿ. ಸೋಪಿನ ಶಾಂಪೂ ಕ್ಷಾರ, ಅದರ ಪಿಎಚ್ 9ರಿಂದ 10. ನೆತ್ತಿಯ ಚರ್ಮ 5.5ರ ಆಸುಪಾಸು, ಕೂದಲ ಎಳೆ ಅದಕ್ಕಿಂತಲೂ ಹುಳಿಯ ಕಡೆಗೆ. ಕ್ಷಾರ ತಾಕಿದರೆ ಕೂದಲ ಮೇಲಿನ ಹೆಂಚಿನ ಸಾಲಿನಂಥ ಪೊರೆ ಎದ್ದು ಕೂದಲು ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಕೊನೆಯಲ್ಲಿ ವಿನೆಗರ್ ಇಲ್ಲವೇ ನಿಂಬೆರಸದ ನೀರು ಹಾಕಿಕೊಳ್ಳಿ ಎನ್ನುತ್ತಾರೆ. ಸಲಹೆ ತಪ್ಪಲ್ಲ. ಹುಳಿ ನೀರು ಪೊರೆಯನ್ನು ಮತ್ತೆ ಮಲಗಿಸುತ್ತದೆ, ಕ್ಯಾಲ್ಸಿಯಮ್ಮನ್ನೂ ಕಿತ್ತುಕೊಳ್ಳುತ್ತದೆ. ಆದರೆ ಮೇಣದಿಂದ ಕ್ಯಾಲ್ಸಿಯಂ ಹೋದರೆ ಉಳಿಯುವುದೇನು? ಎಣ್ಣೆಯ ಆಮ್ಲ. ಎಂದರೆ ಜಿಗುಟು ಹೋಗಿ ಜಿಡ್ಡು ಬಂತು. ಉದ್ದ, ಒಣ ಕೂದಲಿನವರಿಗೆ ಇದು ನಡೆಯುತ್ತದೆ, ಎಣ್ಣೆ ಹಚ್ಚಿದಂತೆ ತೋರುತ್ತದೆ. ತೆಳ್ಳಗಿನ ಕೂದಲಿನವರಿಗೆ ಎರಡನೇ ದಿನವೇ ತಲೆ ತೊಳೆಯುವ ಕೆಲಸ. ಇನ್ನು ಕೆಲವರು ಬುದ್ಧಿವಂತಿಕೆ ಮಾಡಿ ನಿಂಬೆರಸವನ್ನು ಶಾಂಪೂ ಬಾಟಲಿಗೇ ಹಿಂಡುತ್ತಾರೆ. ಆಗ ಸೋಪು ಅಲ್ಲೇ ಒಡೆದು ಹಾಲು ಕೆಟ್ಟಂತೆ ಗರಣೆಗಟ್ಟುತ್ತದೆ. ಮೇಲೆ ತೇಲುವ ಪದರು ಶಾಂಪೂವೂ ಅಲ್ಲ, ಎಣ್ಣೆಯೂ ಅಲ್ಲ. ಈ ವಿಧಾನವನ್ನು ಬರೆದು ಹಂಚಿದವರು ಒಮ್ಮೆಯಾದರೂ ಮಾಡಿ ನೋಡಿದ್ದಾರೆಯೇ ಎಂಬ ಸಂಶಯ ಬರುವುದು ಇಂಥ ಕಡೆ.

ತೆಂಗಿನ ಹಾಲಿನ ಕಥೆಯೂ ಅಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ ನಲವತ್ತು ಡಿಗ್ರಿ ಮುಟ್ಟುವ ಊರುಗಳಲ್ಲಿ ಬಚ್ಚಲ ಗೂಡಿನಲ್ಲಿಟ್ಟ ತೆಂಗಿನ ಹಾಲು ಮರುದಿನಕ್ಕೆ ಉಳಿಯುವುದಿಲ್ಲ. ಏನೂ ಬೆರೆಸದ ದ್ರವ ಕ್ಯಾಸ್ಟೈಲ್ ತನ್ನ ಕ್ಷಾರದಿಂದಲೇ ತನ್ನನ್ನು ಕಾಯ್ದುಕೊಳ್ಳುತ್ತದೆ. ಹಾಲೋ ನೀರೋ ಬೆರೆಸಿ ತೆಳ್ಳಗೆ ಮಾಡಿದಾಗ ಆ ಕಾವಲು ಹೋಗಿ ಬ್ಯಾಕ್ಟೀರಿಯಾಕ್ಕೆ ಮನೆಯಾಗುತ್ತದೆ. ‘ಪ್ರಿಸರ್ವೇಟಿವ್ ಇಲ್ಲ’ ಎಂಬುದನ್ನು ಹೆಮ್ಮೆಯ ಮಾತಾಗಿ ಹೇಳಿದವರು ಅದರ ಮುಂದಿನ ವಾಕ್ಯವನ್ನೂ ಹೇಳಬೇಕು: ಹಾಗಿದ್ದರೆ ಅಂದಂದಿನದು ಅಂದೇ ಮಾಡಿ ಮುಗಿಸಬೇಕು. ಹಡಗಲಿ ಮಲ್ಲಿಗೆಯ ಸೀಮೆಯಲ್ಲವೇ, ಲ್ಯಾವೆಂಡರ್ ಬದಲು ಹೂವನ್ನೇ ಹಾಕಿದರಾಯಿತು ಎನ್ನುವವರಿದ್ದಾರೆ. ಮಲ್ಲಿಗೆಯ ಘಮ ಹೀಗೆ ನೀರಿಗೆ ಇಳಿಯುವಂಥದ್ದಲ್ಲ. ಬಾಟಲಿಯಲ್ಲಿ ಉಳಿಯುವುದು ಕಂದಿದ ಎಸಳು, ಬರುವುದು ಕೊಳೆತ ವಾಸನೆ. ಹೂವು ಮುಡಿಯಲ್ಲಿರಲಿ.

ಸೋಪನ್ನೂ ಮನೆಯಲ್ಲೇ ಮಾಡುತ್ತೇವೆ ಎನ್ನುವವರ ಬಗ್ಗೆ ನನಗೆ ಗೌರವ ಹೆಚ್ಚು, ಆತಂಕವೂ ಹೆಚ್ಚು. ಕಾಸ್ಟಿಕ್ ಸೋಡಾ ಅಡುಗೆ ಸೋಡಾ ಅಲ್ಲ. ನೀರಿಗೆ ಅದನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಅದರ ಮೇಲೆ ನೀರು ಸುರಿದರೆ ಕುದ್ದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಿದರೆ ಪಾತ್ರೆಯನ್ನೇ ತಿಂದು, ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲು ಪಾತ್ರೆ, ಕೈಗವಸು, ಕನ್ನಡಕ, ತೂಕದ ಯಂತ್ರ ಇವಿಷ್ಟಿಲ್ಲದೆ, ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ ಇದಕ್ಕೆ ಕೈ ಹಾಕಬಾರದು. ಗಟ್ಟಿ ಸೋಪು ಮಾಡಿ ಅದನ್ನು ತುರಿದು ನೀರಲ್ಲಿ ಕರಗಿಸಿದರೆ ದ್ರವ ಶಾಂಪೂ ಆಯಿತಲ್ಲ ಎಂಬ ಅಡ್ಡದಾರಿಯೂ ಚಲಾವಣೆಯಲ್ಲಿದೆ. ಸೋಡಾದ ಆಲಿವ್ ಸೋಪು ನೀರಲ್ಲಿ ಲೋಳೆಯಾಗುತ್ತದೆ. ಬೆರಳಿಗೆ ಎಳೆ ಎಳೆಯಾಗಿ ಹಿಡಿದು ಇಳಿಯುವ ಆ ಲೋಳೆಯನ್ನು ಕೂದಲಿನಿಂದ ಬಿಡಿಸಲು ಇನ್ನೊಂದು ಶಾಂಪೂ ಬೇಕು. ದ್ರವಕ್ಕೆ ಪೊಟ್ಯಾಶೇ ಆಗಬೇಕು, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಅಷ್ಟು ಮಾಡಿ ಯಶಸ್ವಿಯಾದವರು ಅದನ್ನು ಅಕ್ಕಪಕ್ಕದವರಿಗೆ ಮಾರಲು ಹೊರಟರೆ ಅದು ಸೌಂದರ್ಯವರ್ಧಕದ ಕಾನೂನಿನಡಿ ಬರುತ್ತದೆ. ತಯಾರಿಸಿ ಮಾರುವುದಕ್ಕೆ ಪರವಾನಗಿ ಬೇಕು. ಕೈಬರಹದ ಚೀಟಿ ಅಂಟಿಸಿದರೆ ಸಾಲದು.

ಎಣ್ಣೆಯ ವಿಷಯಕ್ಕೆ ಬಂದರೆ, ಕೊಟ್ಟೂರು ಬಳಿಯ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ದೇವಸ್ಥಾನದ ಶಿಖರಕ್ಕೇ ಎಣ್ಣೆ ಎರೆಯುವ ಜಾತ್ರೆ ನಡೆಯುತ್ತದೆ. ಕಲ್ಲಿನ ಶಿಖರದ ನೆತ್ತಿಯಿಂದ ಎಣ್ಣೆ ಇಳಿಯುವುದನ್ನು ನೋಡಲು ಜನ ನೆರೆಯುವ ಸೀಮೆಯವರಿಗೆ ಎಣ್ಣೆಯ ಪಾಠ ಸ್ಪೇನಿನಿಂದ ಬರಬೇಕಿಲ್ಲ. ಕೂಡ್ಲಿಗಿ, ಹರಪನಹಳ್ಳಿಯ ಕೆಂಪು ನೆಲದಲ್ಲಿ ಶೇಂಗಾ ಬೆಳೆಯುತ್ತದೆ, ಎರೆ ಹೊಲದಲ್ಲಿ ಕುಸುಬಿ, ಬದುವಿನಲ್ಲಿ ಔಡಲ. ದುಬಾರಿ ಆಲಿವ್ ತರಿಸುವ ಬದಲು ಶೇಂಗಾ ಎಣ್ಣೆಯಲ್ಲಿ ಸೋಪು ಆಗದೇ? ಆಗುತ್ತದೆ. ಬೇಕಾಗುವ ಕಾಸ್ಟಿಕ್ ಕೂಡ ಹೆಚ್ಚುಕಡಿಮೆ ಆಲಿವ್‌ನಷ್ಟೇ. ಆದರೆ ಸೋಪು ಮೆತ್ತಗಾಗುತ್ತದೆ, ಬೇಗ ಕಮಟು ಹಿಡಿಯುತ್ತದೆ. ಕುಸುಬಿಯದಂತೂ ಮತ್ತೂ ಬೇಗ. ಒಂದಿಷ್ಟು ಕೊಬ್ಬರಿ ಎಣ್ಣೆ, ಒಂದಿಷ್ಟು ಔಡಲೆಣ್ಣೆ ಸೇರಿಸಿದರೆ ನೊರೆಯೂ ಗಟ್ಟಿತನವೂ ಸುಧಾರಿಸುತ್ತವೆ. ಈ ಪ್ರಯೋಗವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಕೈ ಮೈ ತೊಳೆಯುವ ಸೋಪಿಗಾಗಿ. ಎಣ್ಣೆ ಯಾವುದಾದರೂ ಸೋಪು ಸೋಪೇ. ಬೋರಿನ ನೀರಿನಲ್ಲಿ ತಲೆಯ ಮೇಲೆ ಅದು ಮಾಡುವ ಕೆಲಸ ಬದಲಾಗುವುದಿಲ್ಲ.

ಸವುಳು ನೀರಿನ ಉಪಾಯ ಈ ಸೀಮೆಗೆ ಹೊಸದಲ್ಲ. ಬಟ್ಟೆ ಒಗೆಯುವ ಮಡಿವಾಳರು ಹೊಲದ ಮೇಲೆ ಬೆಳ್ಳಗೆ ಅರಳಿದ ಚೌಳು ಮಣ್ಣನ್ನು ಬಳಸುತ್ತಿದ್ದರು. ಅದರಲ್ಲಿರುವ ಸೋಡಾ ನೀರಿನ ಸುಣ್ಣವನ್ನು ತಳಕ್ಕೆ ಕೂರಿಸಿ ನೀರನ್ನು ಮೆದುಮಾಡುತ್ತದೆ. ಒಲೆಯ ಬೂದಿ ನೀರು ಮಾಡುವುದೂ ಅದನ್ನೇ. ಬಟ್ಟೆಗೆ ಕ್ಷಾರ ನಡೆಯುತ್ತದೆ ಎಂದು ಬಟ್ಟೆಗೆ ಚೌಳು, ತಲೆಗೆ ಆಗದು ಎಂದು ತಲೆಗೆ ಸೀಗೆ. ಈ ವಿಂಗಡಣೆ ಮಾಡಿದವರು ಪಿಎಚ್ ಕಾಗದ ಕಂಡವರಲ್ಲ. ಕಣ್ಣು, ಕೈ, ಕೂದಲು ನೋಡಿ ಮಾಡಿದ್ದು.

ಸೀಗೆ, ಅಂಟುವಾಳಗಳಲ್ಲಿರುವುದು ಸ್ಯಾಪೊನಿನ್ ಎಂಬ ನೊರೆಕಾರಕ. ಸೋಪಿನಂತೆ ಅದು ಕ್ಯಾಲ್ಸಿಯಮ್ಮಿಗೆ ಅಂಟಿ ಮೇಣವಾಗುವುದಿಲ್ಲ. ಜೊತೆಗೆ ಸೀಗೆಯ ಸಿಪ್ಪೆಯಲ್ಲಿ ಸಹಜವಾಗಿಯೇ ಹುಳಿ ಇದೆ, ಆದ್ದರಿಂದ ಬೇರೆ ವಿನೆಗರ್ ಬೇಡ. ಸೋಪಿನ ಎರಡು ದೋಷಗಳೂ, ಎಂದರೆ ಕ್ಷಾರ ಮತ್ತು ಮೇಣ, ಇದರಲ್ಲಿಲ್ಲ. ಎಣ್ಣೆಯನ್ನು ಪೂರ್ತಿ ಬಳಿದು ತೆಗೆಯದೆ ಒಂದಿಷ್ಟು ಬಿಡುತ್ತದೆ. ಎಣ್ಣೆ ತಿಕ್ಕಿ ನಂತರ ಎರೆದುಕೊಳ್ಳುವ ನಮ್ಮ ಪದ್ಧತಿಗೆ ಅದು ಲೆಕ್ಕಹಾಕಿ ಇಟ್ಟಂತಿದೆ. ಯುಗಾದಿಗೆ, ದೀಪಾವಳಿಯ ಎಣ್ಣೆನೀರಿಗೆ ಮನೆಯಲ್ಲಿ ಕಲಸುವ ಪುಡಿಯನ್ನು ಗಮನಿಸಿ: ಸೀಗೆ, ಅಂಟುವಾಳ, ಮೆಂತ್ಯ, ಹೆಸರು, ನೆರಳಲ್ಲಿ ಒಣಗಿಸಿದ ದಾಸವಾಳದ ಎಲೆ. ಸೀಗೆ ತೊಳೆಯಲು, ಅಂಟುವಾಳ ನೊರೆಗೆ, ಮೆಂತ್ಯ ಮತ್ತು ದಾಸವಾಳದ ಲೋಳೆ ಕೂದಲು ಸಿಕ್ಕಾಗದಿರಲು. ಅಂಗಡಿಯ ಶಾಂಪೂ ಮತ್ತು ಕಂಡೀಷನರ್ ಎರಡನ್ನೂ ಒಂದೇ ಬಟ್ಟಲಲ್ಲಿ ಕೂರಿಸಿದ ಮಿಶ್ರಣ ಅದು.

ಹಾಗೆಂದು ಸೀಗೆಯನ್ನು ದೇವರ ಪಟದ ಪಕ್ಕ ಇಡುವ ಜಾತಿಯವನು ನಾನಲ್ಲ. ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಸಣ್ಣವರಿದ್ದಾಗ ಎರೆಸಿಕೊಂಡ ಎಲ್ಲರಿಗೂ ಗೊತ್ತು. ಅಂಟುವಾಳದ್ದು ಇನ್ನೂ ಉರಿ. ಅಂಟುವಾಳದ ರಸಕ್ಕೆ ಕೆರೆಯ ಮೀನಿಗೆ ಅಮಲು ಬರಿಸುವ ಶಕ್ತಿಯಿದೆ ಎಂಬುದನ್ನು ‘ನೈಸರ್ಗಿಕ ಎಂದರೆ ನಿರಪಾಯ’ ಎನ್ನುವವರು ನೆನಪಿಡಬೇಕು. ಪುಡಿ ಮಾಡಿಸುವುದೇ ಒಂದು ರಾಮಾಯಣ. ಹಿಟ್ಟಿನ ಗಿರಣಿಗೆ ಸೀಗೆ ಒಯ್ದರೆ ಗಿರಣಿಯವರು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಮುಖ ಸಿಂಡರಿಸುತ್ತಾರೆ. ಸೀಗೆ ಬೀಸಿದ ಕಲ್ಲಿನಲ್ಲಿ ಮುಂದೆ ಬರುವವರ ಜೋಳದ ಹಿಟ್ಟು ಕಹಿಯಾಗುತ್ತದೆ, ಧೂಳು ಮೂಗಿಗೆ ಹೊಕ್ಕು ಸಾಲಿನಲ್ಲಿ ನಿಂತವರೆಲ್ಲ ಸೀನಬೇಕಾಗುತ್ತದೆ. ಖಾರ ಕುಟ್ಟುವ ಯಂತ್ರವಿದ್ದಲ್ಲಿಗೆ ಹೋಗಿ, ಅವರ ಬಿಡುವು ನೋಡಿ ಮಾಡಿಸಬೇಕು. ಆಮೇಲೆ ವಸ್ತ್ರಗಾಳಿ ಹಿಡಿಯಬೇಕು, ಇಲ್ಲದಿದ್ದರೆ ಒಣಗಿದ ಕೂದಲಿನಿಂದ ಎರಡು ದಿನ ತವುಡು ಉದುರುತ್ತದೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೊಸಪೇಟೆಗೋ ದಾವಣಗೆರೆಗೋ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಒಂದು ರೂಪಾಯಿಯ ಸ್ಯಾಚೆಟ್ ಹರಿದುಕೊಂಡರೆ ಅದಕ್ಕೆ ಸೋಮಾರಿತನ ಎನ್ನುವ ಹಕ್ಕು ಗಂಡಸರಿಗಂತೂ ಇಲ್ಲ. ಸೀಗೆ ಕುಟ್ಟಿ, ಗಾಳಿಸಿ, ಕಲಸಿ, ಇಡೀ ಮನೆಗೆ ಎರೆದವರು ಯಾರು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಸ್ಯಾಚೆಟ್ಟಿನ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಅವರು ಶಾಂಪೂವನ್ನು ಸ್ಯಾಚೆಟ್ಟಿಗೆ ತುಂಬಿದ ಮೇಲೆ, 1983ರಲ್ಲಿ ಅವರ ಮಗ ಸಿ.ಕೆ. ರಂಗನಾಥನ್ ಚಿಕ್ ಶಾಂಪೂ ಶುರುಮಾಡಿ ಹಳ್ಳಿಹಳ್ಳಿಗೆ ಹರಡಿದ ಮೇಲೆ, ಬಾಟಲಿ ಕೊಳ್ಳಲಾಗದವರ ಮನೆಗೂ ಶಾಂಪೂ ಬಂತು. ಅದರಲ್ಲಿರುವ ಸಲ್ಫೇಟ್ ನೊರೆಕಾರಕಗಳು ಸವುಳು ನೀರಿನಲ್ಲಿ ಮೇಣಗಟ್ಟುವುದಿಲ್ಲ. ಗಡಸು ನೀರಿನ ಜನ ಅದನ್ನು ಜಾಹೀರಾತಿಗೆ ಮರುಳಾಗಿಯೇ ಕೊಂಡರು ಎನ್ನುವುದು ಅರ್ಧ ಸತ್ಯ. ಕೂದಲು ತೊಳೆದದ್ದು ಕೈಗೆ ತಿಳಿಯಿತು, ಕೊಂಡರು. ಒಣ ನೆತ್ತಿಯವರಿಗೆ ಅದು ಕಟುವಾಗಬಹುದು, ಖಾಲಿ ಸ್ಯಾಚೆಟ್ಟುಗಳು ಬಚ್ಚಲ ಮೋರಿಯಿಂದ ಕೆರೆಯವರೆಗೆ ಹರಿದುಹೋಗುವುದೂ ಕಣ್ಣಮುಂದಿದೆ. ಅದರ ದೊಡ್ಡ ದೋಷ ಪ್ಲಾಸ್ಟಿಕ್ಕಿನಲ್ಲಿದೆ. ‘ಸಲ್ಫೇಟ್ ಎಂದರೆ ವಿಷ’ ಎಂದು ಹೆದರಿಸಿ, ಅದರ ಜಾಗದಲ್ಲಿ ಪಿಎಚ್ ಹತ್ತರ ಸೋಪನ್ನು ಕೂಸಿನ ತಲೆಗೆ ಶಿಫಾರಸು ಮಾಡುವುದು ಯಾವ ಸೀಮೆಯ ವಿಜ್ಞಾನ?

ಕ್ಯಾಸ್ಟೈಲ್ ಪದ್ಧತಿಯಿಂದ ಬಂದ ಒಳ್ಳೆಯದೂ ಇದೆ. ತಲೆಗೆ ಹಾಕುವುದರಲ್ಲಿ ಏನಿದೆ ಎಂದು ಚೀಟಿ ತಿರುಗಿಸಿ ಓದುವ ಅಭ್ಯಾಸ ಹಚ್ಚಿದ್ದು ಅದು. ಎಣ್ಣೆ ಸೋಪಾಗುವುದನ್ನು ಕಣ್ಣಾರೆ ಕಂಡ ಹುಡುಗಿಯರು ಶಾಲೆಯ ಪುಸ್ತಕದ ಸಪೋನಿಫಿಕೇಶನ್ ಪಾಠವನ್ನು ಮರೆಯುವುದಿಲ್ಲ. ಬಾಟಲಿಯ ಸೋಪು ಕೈತೊಳೆಯಲು, ಮೈಗೆ, ನೆಲ ಒರೆಸಲು ಚೆನ್ನಾಗಿಯೇ ಇದೆ. ಇನ್ನು ತಲೆಗೂ ಅದು ಒಗ್ಗುವ ಜಾಗಗಳು ಕೋಗಳಿ ಸೀಮೆಯಲ್ಲಿ ಇಲ್ಲದಿಲ್ಲ. ತುಂಗಭದ್ರೆಯ ದಂಡೆಯ ಹಡಗಲಿ ತಾಲ್ಲೂಕಿನ ಊರುಗಳಲ್ಲಿ, ನಲ್ಲಿಗೆ ಹೊಳೆ ನೀರು ಬರುವ ಕಡೆಗಳಲ್ಲಿ ಗಡಸು ಕಡಿಮೆ. ಅಲ್ಲಿ ಹುಳಿ ನೀರಿನ ಜೊತೆ ಬಳಸಿದರೆ ಮೇಣ ಅಷ್ಟಾಗಿ ಕೂರುವುದಿಲ್ಲ. ಮಳೆಗಾಲದಲ್ಲಿ ಮಾಳಿಗೆಯ ನೀರು ಹಿಡಿದಿಟ್ಟುಕೊಳ್ಳುವವರಿಗೆ ಇನ್ನೂ ಚೆನ್ನ. ಮಳೆನೀರಿನಲ್ಲಿ ಕ್ಯಾಸ್ಟೈಲ್ ತನ್ನ ನಿಜವಾದ ಗುಣ ತೋರಿಸುತ್ತದೆ, ನೊರೆ ಮೆದು, ಕೂದಲು ಹಗುರ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದೂ ಕೈಕೊಡುವ ಸೀಮೆಯಲ್ಲಿ ಅದು ವರ್ಷವಿಡೀ ಸಿಗುವ ಭಾಗ್ಯವಲ್ಲ. ಊರೂರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿಯುವ ನೀರಿನಲ್ಲೂ ಗಡಸು ಇಲ್ಲ. ಆದರೆ ಫ್ಲೋರೈಡಿಗೆ ಹೆದರಿ ಕುಡಿಯಲೆಂದು ಕ್ಯಾನಿನಲ್ಲಿ ಹೊತ್ತು ತರುವ ನೀರನ್ನು ಒಂದು ಶಾಂಪೂವಿನ ಮರ್ಯಾದೆ ಉಳಿಸಲು ತಲೆಗೆ ಸುರಿಯಿರಿ ಎಂದು ನಾನು ಹೇಳಲಾರೆ.

ಬಳಸಬೇಕೆಂಬ ಆಸೆ ಇದ್ದವರು ಮೊದಲು ಮಾಡಬೇಕಾದ ಪರೀಕ್ಷೆಗೆ ಖರ್ಚಿಲ್ಲ. ಎರಡು ಖಾಲಿ ಬಾಟಲಿ ತೆಗೆದುಕೊಂಡು ಒಂದರಲ್ಲಿ ನಿಮ್ಮ ಮನೆಯ ಬಚ್ಚಲ ನೀರು, ಇನ್ನೊಂದರಲ್ಲಿ ಮಳೆನೀರೋ ಘಟಕದ ನೀರೋ ಅರ್ಧದಷ್ಟು ತುಂಬಿ. ಎರಡಕ್ಕೂ ಐದೈದು ಹನಿ ಕ್ಯಾಸ್ಟೈಲ್ ಹಾಕಿ ಗಟ್ಟಿಯಾಗಿ ಕುಲುಕಿ ಇಡಿ. ಮೆದು ನೀರಿನ ಬಾಟಲಿಯಲ್ಲಿ ನೊರೆ ನಿಲ್ಲುತ್ತದೆ, ಕೆಳಗಿನ ನೀರು ತಿಳಿಯಾಗಿರುತ್ತದೆ. ಬಚ್ಚಲ ನೀರು ಹಾಲಿನಂತೆ ಕದಡಿ, ನೊರೆ ಇಳಿದು, ಬಾಟಲಿಯ ಗೋಡೆಗೆ ಬಿಳಿ ಚೂರು ಹತ್ತಿಕೊಂಡರೆ ಆ ಸೋಪನ್ನು ಕೈತೊಳೆಯುವ ಗೂಡಿನಲ್ಲಿಡಿ. ತಲೆಗೆ, ಗಿರಣಿಯವರ ಬಿಡುವು ಯಾವಾಗ ಎಂದು ವಿಚಾರಿಸಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಐದಾರು ಅಂಟುವಾಳದ ಬೀಜ ತೆಗೆದು ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೂ ನಡೆಯುತ್ತದೆ, ಕಣ್ಣು ಮುಚ್ಚಿಕೊಂಡು ಹಚ್ಚಿಕೊಳ್ಳಬೇಕು ಅಷ್ಟೆ.